ಕರೆಯದ ಊರಿನ ನಾಯಿಮರಿ

ಆ ಊರಿನಲ್ಲಿ ಯಾರೂ ಯಾರನ್ನೂ ‘ಬಾ’ ಅನ್ನುತ್ತಿರಲಿಲ್ಲ.

ತಾಯಿ ಮಗುವನ್ನು ಊಟಕ್ಕೆ ಕರೆಯುತ್ತಿರಲಿಲ್ಲ. ತಟ್ಟೆಯ ಸದ್ದು ಮಾಡಿ ಸುಮ್ಮನಾಗುತ್ತಿದ್ದಳು. ನೆಂಟರು ಅಂಗಳಕ್ಕೆ ಕಾಲಿಟ್ಟರೆ ‘ಬಾಗಿಲು ತೆರೆದಿದೆ’ ಅನ್ನುತ್ತಿದ್ದರು. ಬೇರೆ ಊರುಗಳಲ್ಲಿ ಹೊಸ್ತಿಲು ದಾಟುವವರು ‘ಹೋಗಿ ಬರ್ತೀನಿ’ ಅನ್ನುತ್ತಾರೆ, ಒಳಗಿನವರು ‘ಹೋಗಿ ಬಾ’ ಅನ್ನುತ್ತಾರೆ. ಆ ಊರಿನಲ್ಲಿ ಹೊರಟವರು ‘ಹೋಗ್ತೀನಿ’ ಅನ್ನುತ್ತಿದ್ದರು, ಉಳಿದವರು ‘ಹ್ಞೂಂ’ ಅನ್ನುತ್ತಿದ್ದರು. ಅಷ್ಟೇ.

ಇದಕ್ಕೆ ಕಾರಣ ಊರಿನ ಪಡುವಣಕ್ಕಿದ್ದ ಬಿಳಿ ಬಯಲು. ಅಲ್ಲಿನ ಮಂಜು ಯಾವ ಬಿಸಿಲಿಗೂ ಕರಗುತ್ತಿರಲಿಲ್ಲ. ಮಂಜಿನ ಕೆಳಗೆ ಹುದುಲಿತ್ತು. ಎತ್ತನ್ನು ಗಾಡಿಯ ಸಮೇತ ಸದ್ದಿಲ್ಲದೆ ನುಂಗುವ ಕೆಸರು ಅದು. ಬಯಲಿನ ಆಚೆ ದಡದಲ್ಲಿ ಇನ್ನೊಂದು ಊರು. ಉಪ್ಪು, ಮದ್ದು, ಮದುವೆಯ ಸಂಬಂಧ ಎಲ್ಲ ಆಚೆಯಿಂದಲೇ ಆಗಬೇಕು. ಆದರೆ ಗಟ್ಟಿನೆಲದ ದಾರಿ ತಿಳಿಯುತ್ತಿದ್ದುದು ನಾಯಿಗೆ ಮಾತ್ರ. ದಾಟುವವರು ನಾಯಿಯ ಕೊರಳ ಹಗ್ಗ ಹಿಡಿದು, ಕಣ್ಣಿದ್ದೂ ಕುರುಡರಾಗಿ, ಅದರ ಹಿಂದೆ ನಡೆಯಬೇಕು. ಆ ಮಂಜಿನಲ್ಲಿ ಒಂದು ಕೂಗು ಬಿದ್ದರೆ ಎಲ್ಲ ದಿಕ್ಕಿನಿಂದಲೂ ಬಿದ್ದಂತೆ ಕೇಳುತ್ತದೆ. ‘ಬಾ’ ಎಂಬ ಮಾತು ಬಲ್ಲ ನಾಯಿ ಅದನ್ನು ಕೇಳಿದರೆ ನಿಂತಲ್ಲೇ ಸುತ್ತತೊಡಗುತ್ತದೆ. ಹಿಂದಿದ್ದವರು ಹುದುಲಿಗೆ ಬೀಳುತ್ತಾರೆ. ಆದ್ದರಿಂದ ಮರಿಗಳ ಕಿವಿಗೆ ಆ ಮಾತು ಬೀಳಬಾರದು. ಮರಿಗಳು ಬೆಳೆಯುವುದು ಊರಿನ ಮನೆಗಳಲ್ಲಿ. ಯಾವ ಮನೆಯಲ್ಲಿ ಯಾವ ಮರಿ ಕಿವಿ ನಿಮಿರಿಸಿ ಕೂತಿದೆಯೋ! ಹಾಗಾಗಿ ಇಡೀ ಊರು ಆ ಮಾತನ್ನು ಬಾಯಿಂದ ತೆಗೆದುಹಾಕಿತ್ತು.

ಆ ಊರಿನಲ್ಲಿ ಹಗ್ಗ ಹೊಸೆಯುವವಳೊಬ್ಬಳಿದ್ದಳು. ಹಗ್ಗ ಹೊಸೆಯಲು ಇಬ್ಬರು ಬೇಕು. ಒಬ್ಬರು ಕತ್ತಾಳೆ ನಾರಿನ ಎಳೆಗಳಿಗೆ ಹುರಿ ಕೊಡುತ್ತಿದ್ದರೆ, ಇನ್ನೊಬ್ಬರು ಆ ತುದಿ ಬಿಗಿಹಿಡಿದು ಹಿಂದೆ ಹಿಂದೆ ಸರಿಯಬೇಕು. ಮೊದಲು ಆ ತುದಿಯಲ್ಲಿ ಅವಳ ತಂಗಿ ಇದ್ದಳು. ಹುರಿ ಏರಿದಂತೆ ತಂಗಿ ದೂರ ಸರಿಯುತ್ತಿದ್ದಳು, ಹಗ್ಗ ಮುಗಿದಾಗ ನಗುತ್ತಾ ಹತ್ತಿರ ಓಡುತ್ತಿದ್ದಳು. ಒಂದು ವರ್ಷ ತಂಗಿಯ ಮನಸ್ಸು ಆಚೆ ದಡದ ಉಪ್ಪಿನವನ ಮೇಲೆ ಬಿತ್ತು. ಅಕ್ಕ ಒಪ್ಪಲಿಲ್ಲ. ಮಾತಿಗೆ ಮಾತು ಬೆಳೆಯಿತು. ತಂಗಿ ಗಂಟು ಕಟ್ಟಿ ಹೊಸ್ತಿಲಲ್ಲಿ ನಿಂತು ‘ಹೋಗ್ತೀನಿ’ ಅಂದಳು.

ಹೇಳಿದ ಮೇಲೂ ನಿಂತೇ ಇದ್ದಳು. ಒಲೆಯ ಮೇಲಿನ ಹಾಲು ಕುದಿದು ಉಕ್ಕಿ ಬೆಂಕಿಗೆ ಸುರಿಯುವಷ್ಟು ಹೊತ್ತು ನಿಂತಿದ್ದಳು. ಅವಳಿಗೆ ಬೇಕಿದ್ದುದು ಒಂದೇ ಮಾತು. ಅಕ್ಕನ ನಾಲಿಗೆಯ ತುದಿಯಲ್ಲೂ ಆ ಒಂದೇ ಮಾತು. ಊರಿಗೆ ಅಂಜಿ, ತನ್ನ ಹಟಕ್ಕೂ ಕಟ್ಟುಬಿದ್ದು, ಅಕ್ಕ ‘ಹ್ಞೂಂ’ ಅಂದಳು.

ಅಂದಿನಿಂದ ಹಗ್ಗದ ಆ ತುದಿಯನ್ನು ಅವಳು ಅಂಗಳದ ಕಂಬಕ್ಕೆ ಕಟ್ಟುತ್ತಿದ್ದಳು. ಕಂಬ ಸರಿಯುವುದಿಲ್ಲ. ಎಲ್ಲ ಸರಿದಾಟವೂ ಅವಳದೇ ಆಯಿತು.

ವರ್ಷಗಳು ಹೋದವು. ಹೊಂಗೆ ಹೂ ಉದುರುವ ಕಾಲಕ್ಕೆ, ನಾಯಿಮನೆಯ ಅಜ್ಜ ಮರಿಗಳನ್ನು ಮನೆಮನೆಗೆ ಹಂಚುತ್ತಿದ್ದ. ಮುಂದಿನ ಹೊಂಗೆ ಹೂವಿನ ಹೊತ್ತಿಗೆ ಬೆಳೆದ ನಾಯಿಯನ್ನು ಬಯಲಿನ ಅಂಚಿಗೆ ಕರೆದೊಯ್ದು ದಾಟುವವರ ಕೈಗೆ ಹಗ್ಗ ಕೊಡಬೇಕು. ಸಾಕಿದವರು ತಿರುಗಿ ನೋಡದೆ ಮನೆಗೆ ನಡೆಯಬೇಕು. ಹಗ್ಗದವಳು ಎಂದೂ ಮರಿ ತೆಗೆದುಕೊಂಡವಳಲ್ಲ. ಒಂದು ವರ್ಷ ಅಜ್ಜ ತಾನೇ ಅಂಗಳಕ್ಕೆ ಕಾಲಿಟ್ಟ. ಮಡಿಲಲ್ಲಿ ಕಂದು ಬಣ್ಣದ ಮುದ್ದೆಯೊಂದು ನಡುಗುತ್ತಿತ್ತು.

“ಈ ಸಲ ಮರಿ ಹೆಚ್ಚು, ಮನೆ ಕಡಿಮೆ, ಮಗಳೇ.”

“ನನಗೆ ಬೇಡ ಅಜ್ಜ. ಕೊಟ್ಟು ಕಳಿಸೋದು ಒಂದು ಸಲ ಸಾಕಾಗಿದೆ.”

ಅಜ್ಜ ಮರಿಯನ್ನು ನೆಲಕ್ಕೆ ಬಿಟ್ಟ. ಅದು ಮೊದಲು ಉಚ್ಚೆ ಹೊಯ್ಯಿತು. ಆಮೇಲೆ ಓಲಾಡುತ್ತಾ ಹೋಗಿ, ಅರ್ಧ ಹೊಸೆದ ಹಗ್ಗದ ತುದಿಯನ್ನು ಬಾಯಿಗೆ ಹಾಕಿಕೊಂಡು, ಹಿಂದಿನ ಕಾಲು ನೆಲಕ್ಕೆ ಊರಿ ಎಳೆಯಿತು. ಇನ್ನೊಂದು ತುದಿ ಅವಳ ಕೈಯಲ್ಲಿತ್ತು. ಅಷ್ಟು ವರ್ಷಗಳ ಮೇಲೆ ಆಚೆ ತುದಿಯಲ್ಲಿ ಯಾರೋ ಇದ್ದಾರೆ ಎಂದು ಅವಳ ಕೈಗೆ ತಿಳಿಯಿತು. ಅವಳು ತನ್ನ ತುದಿಯನ್ನು ಬಿಡಲಿಲ್ಲ. ಅಜ್ಜ, ತಾಯಿನಾಯಿಯ ವಾಸನೆಯಿದ್ದ ಹಳೆಯ ಚಿಂದಿಯೊಂದನ್ನು ಮೆಟ್ಟಿಲ ಮೇಲಿಟ್ಟು ಹೊರಟುಹೋದ.

ಮೊದಲ ದಿನಗಳಲ್ಲಿ ಮರಿ ಚಿಂದಿಯಲ್ಲಿ ಮೂತಿ ಹುದುಗಿಸಿ ಅಳುತ್ತಿತ್ತು. ಅವಳು ಪಕ್ಕದಲ್ಲಿ ಮಲಗಿ ಕೈಯನ್ನು ಅದರ ಹೊಟ್ಟೆಯ ಮೇಲೆ ಇಡುತ್ತಿದ್ದಳು. ಚಾಪೆಯ ಮೇಲೆ ಉಚ್ಚೆ ಹೊಯ್ದರೆ ಚಾಪೆ ತೊಳೆದು, ಮರಿಯನ್ನು ಎತ್ತಿಕೊಂಡು ಹಿತ್ತಿಲ ಹುಣಸೆ ಬುಡದಲ್ಲಿ ನಿಲ್ಲಿಸುತ್ತಿದ್ದಳು. ಉಂಡ ಮೇಲೆ ಹುಣಸೆ ಬುಡ, ಎದ್ದ ಮೇಲೆ ಹುಣಸೆ ಬುಡ, ಆಡಿದ ಮೇಲೆ ಹುಣಸೆ ಬುಡ. ಒಂದು ಬೆಳಿಗ್ಗೆ ಮರಿ ತಾನೇ ಬಾಗಿಲ ಬಳಿ ಹೋಗಿ ಕೂತು ಅವಳನ್ನು ನೋಡಿತು. ಅವಳು ಬಾಗಿಲು ತೆರೆದಳು. ಅವರಿಬ್ಬರ ನಡುವಿನ ಮೊದಲ ಮಾತು ಅದೇ.

ಅಜ್ಜ ಆಗಾಗ ಕಾಣಿಸಿಕೊಂಡು ಒಂದೊಂದೇ ಮಾತು ಕಲಿಸಿದ. ಕೂರು. ನಿಲ್ಲು. ತಡಿ. ನಡೆ. ನಾಯಿಗೆ ಆ ಊರಿನಲ್ಲಿ ನಾಲ್ಕೇ ಮಾತು.

“ಬೈಬೇಡ,” ಅಂತಿದ್ದ ಅಜ್ಜ. “ತಪ್ಪು ಮಾಡಿದಾಗ ನೀನು ಮರ ಆಗು. ಸರಿ ಮಾಡಿದ ಕ್ಷಣದಲ್ಲಿ ಹಬ್ಬ ಆಗು. ಒಂದು ಗಳಿಗೆ ತಡ ಆದರೂ ಅದಕ್ಕೆ ಯಾವುದಕ್ಕೆ ಹಬ್ಬ ಅಂತ ತಿಳಿಯಲ್ಲ.”

ಮುದ್ದೆಯ ಚೂರನ್ನು ಮೂಗಿನ ಮುಂದೆ ಇಟ್ಟು ‘ತಡಿ’ ಅನ್ನುವಳು. ಮೊದಮೊದಲು ಮಾತು ಮುಗಿಯುವ ಮುನ್ನವೇ ಚೂರು ಮಾಯ. ಆಮೇಲೆ ಜೊಲ್ಲು ಸುರಿಸುತ್ತಾ, ಮೈಯೆಲ್ಲ ನಡುಗಿಸುತ್ತಾ, ಚೂರನ್ನು ಬಿಟ್ಟು ಅವಳ ಕಣ್ಣನ್ನೇ ನೋಡುತ್ತಾ ತಡೆಯುವುದನ್ನು ಮರಿ ಕಲಿಯಿತು. ಆ ನೋಟ ಅವಳಿಗೆ ಸಹಿಸಲಾಗುತ್ತಿರಲಿಲ್ಲ. ಬೇಕಾದದ್ದು ಎದುರಿಗೇ ಇದ್ದು ಒಂದು ಮಾತಿಗಾಗಿ ಕಾಯುವ ಮುಖವನ್ನು ಅವಳು ಹಿಂದೆ ಹೊಸ್ತಿಲಲ್ಲಿ ಕಂಡಿದ್ದಳು.

ಸೂಜಿಯಂಥ ಹಾಲುಹಲ್ಲುಗಳು ಅವಳ ಮುಂಗೈ ತುಂಬ ಗೀರು ಎಳೆದವು. ಚಪ್ಪಲಿ ಹೋಯಿತು, ಪೊರಕೆ ಹೋಯಿತು, ಮಂಚದ ಕಾಲು ಸವೆಯಿತು. ಮಳೆಗಾಲದಲ್ಲಿ ಹಾಲುಹಲ್ಲು ಉದುರಿ ಹಗ್ಗದ ಎಳೆಗಳ ನಡುವೆ ಅಕ್ಕಿಕಾಳಿನಂತೆ ಸಿಕ್ಕಿಕೊಂಡವು. ಅಷ್ಟರಲ್ಲಿ ಮರಿ ಹಗ್ಗದ ತುದಿ ಕಚ್ಚಿ, ಅವಳು ಹುರಿ ಕೊಟ್ಟಂತೆಲ್ಲ ಒಂದೊಂದೇ ಹೆಜ್ಜೆ ಹಿಂದೆ ಸರಿಯುವುದನ್ನು ಯಾರೂ ಕಲಿಸದೆ ಕಲಿತಿತ್ತು. ಹಗ್ಗ ಮುಗಿದಾಗ ತುದಿಯನ್ನು ಬಾಯಲ್ಲಿ ಹಿಡಿದೇ ಅವಳ ಬಳಿ ಓಡುತ್ತಿತ್ತು. ಅವಳು ಕಂಬಕ್ಕೆ ಕಟ್ಟುವುದನ್ನು ಬಿಟ್ಟಳು.

ಚಳಿಗಾಲದಲ್ಲಿ ನಾಯಿ ಎತ್ತರವಾಯಿತು, ಕಿವುಡಾಯಿತು. ಕಿವಿ ಕೆಟ್ಟದ್ದಲ್ಲ, ಕೇಳಿಯೂ ಕೇಳದಿರುವ ವಯಸ್ಸು. ‘ಕೂರು’ ಅಂದರೆ ಬೇಲಿ ನೋಡುವುದು, ‘ತಡಿ’ ಅಂದರೆ ಓಡುವುದು. ಅವಳು ಕಣ್ಣೀರಿಟ್ಟಳು.

“ಇದು ಎಲ್ಲ ಮರೆತಿದೆ ಅಜ್ಜ.”

“ಮರೆತಿಲ್ಲ. ನೀನಿಲ್ಲದೆ ತಾನು ಏನು ಅಂತ ನೋಡ್ಕೊಳ್ತಿದೆ. ನೀನು ಮೊದಲಿಂದ ಶುರು ಮಾಡು.”

ಅವಳು ಮೊದಲಿಂದ ಶುರು ಮಾಡಿದಳು. ಹುಣಸೆ ಬುಡ, ಮುದ್ದೆಯ ಚೂರು, ಕೂರು, ತಡಿ.

ಅಂಥದೇ ಒಂದು ದಿನ ಅವರು ಬಯಲಿನ ಅಂಚಿನಲ್ಲಿ ನಡೆಯುತ್ತಿದ್ದರು. ಕಾಲ ಬುಡದಿಂದಲೇ ಟಿಟ್ಟಿಭ ಹಕ್ಕಿಯೊಂದು ಚೀರುತ್ತಾ ಎದ್ದಿತು. ಹಗ್ಗ ಅವಳ ಅಂಗೈ ಸುಟ್ಟುಕೊಂಡು ಜಾರಿತು. ನಾಯಿ ಹಕ್ಕಿಯ ಹಿಂದೆ ಮಂಜಿನೊಳಗೆ ನುಗ್ಗಿತು. ‘ತಡಿ’ ಅಂದಳು. ‘ನಿಲ್ಲು’ ಅಂದಳು. ‘ಕೂರು’ ಅಂದಳು. ಕಂದು ಬೆನ್ನು ಮಸುಕಾಯಿತು, ಇನ್ನೂ ಮಸುಕಾಯಿತು. ಕೆಸರು ಬಾಯಿ ತೆರೆದ ಸದ್ದು ಕೇಳಿಸಿತು. ಆಗ ಅವಳ ಬಾಯಿಂದ, ಅವಳನ್ನು ಕೇಳದೆ, ಅದು ಹೊರಟಿತು.

“ಬಾ! ಬಾರೋ ಮಗನೇ! ಬಾ!”

ಊರು ಕೇಳಿತು. ಬೀಸುತ್ತಿದ್ದವರ ಕೈ ನಿಂತಿತು. ಜನ ಹೊಸ್ತಿಲುಗಳಿಗೆ ಓಡಿದರು. ಕೆಲವರ ಮುಖದಲ್ಲಿ ಸಿಟ್ಟು. ಹಲವರು ಮಾತ್ರ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದರು. ಆಚೆ ದಡದಲ್ಲಿ ತಮ್ಮವರೊಬ್ಬರಾದರೂ ಇಲ್ಲದ ಮನೆ ಆ ಊರಿನಲ್ಲಿರಲಿಲ್ಲ.

ನಾಯಿ ಆ ಮಾತನ್ನು ಹಿಂದೆಂದೂ ಕೇಳಿರಲಿಲ್ಲ. ಆದರೂ ಅರ್ಥವಾಯಿತು. ಎದೆಯವರೆಗೆ ಕೆಸರು ಬಳಿದುಕೊಂಡು, ತೆವಳಿ, ಏದುಸಿರು ಬಿಡುತ್ತಾ ಅವಳ ಮಡಿಲಿಗೆ ಬಿತ್ತು.

ಅಂದು ಸಂಜೆ ಮನೆ ಸೇರಬೇಕಿದ್ದ ಸೂಲಗಿತ್ತಿ ಸೇರಲಿಲ್ಲ. ಅವಳು ಆಚೆ ದಡದಲ್ಲಿ ಹೆರಿಗೆ ಮಾಡಿಸಿ, ತನ್ನ ಮುದಿ ನಾಯಿಯೊಡನೆ ಬಯಲು ದಾಟುತ್ತಿದ್ದಳು. ಊರು ಹಗ್ಗದವಳೊಂದಿಗೆ ಮಾತು ಬಿಟ್ಟು ಅಂಚಿನಲ್ಲಿ ಕಾದು ಕೂತಿತು. ಮರುದಿನ ಮಧ್ಯಾಹ್ನ ಮಂಜಿನಿಂದ ಮೊದಲು ನಾಯಿ, ಆಮೇಲೆ ಹಗ್ಗ, ಆಮೇಲೆ ಸೊಂಟದವರೆಗೂ ಕೆಸರಾದ ಸೂಲಗಿತ್ತಿ ಕಾಣಿಸಿದರು. ಅವಳು ನೇರ ಹಗ್ಗದವಳ ಅಂಗಳಕ್ಕೆ ನಡೆದಳು.

“ನಿನ್ನ ಕೂಗಿಗೆ ನಾನು ದಾರಿ ಬಿಟ್ಟು ಇಳಿದೆ ಕಣೇ. ನನ್ನ ನಾಯಿ ಕೂತುಬಿಟ್ಟಿತು, ಎಷ್ಟು ಎಳೆದರೂ ಏಳಲಿಲ್ಲ. ಅದಕ್ಕೇ ಬದುಕಿದೀನಿ.”

“ತಪ್ಪಾಯ್ತು ಅಕ್ಕ. ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ.”

“ತಪ್ಪಿನ ಮಾತು ಬಿಡು. ಕೂಗು ಕೇಳಿದಾಗ ಆಚೆ ದಡದಿಂದ ಅಂದ್ಕೊಂಡೆ.” ಸೂಲಗಿತ್ತಿ ದನಿ ತಗ್ಗಿಸಿದಳು. “ಅಲ್ಲಿ ಕರೀತಾರೆ. ಅಲ್ಲಿ ಈ ಕಟ್ಟಳೆ ಇಲ್ಲ. ದಿನಾ ಸಂಜೆ ಒಂದು ಧ್ವನಿ ದಡದಲ್ಲಿ ನಿಂತು ಈ ಕಡೆಗೆ ಕೂಗುತ್ತೆ. ಉಪ್ಪಿನವರ ಕೇರಿಯ ಧ್ವನಿ. ನಿನ್ನದೇ ಧ್ವನಿ ಅನ್ನಬೇಕು, ಹಾಗಿರುತ್ತೆ. ಮುಖ ನೋಡಿಲ್ಲ, ಮಾತೂ ಸ್ಪಷ್ಟ ಕೇಳಿಸಿಲ್ಲ. ಇಲ್ಲಿಗೆ ಅದು ಮುಟ್ಟೋದೂ ಇಲ್ಲ, ಬಯಲು ನುಂಗಿಬಿಡುತ್ತೆ.”

“ಇಷ್ಟು ವರ್ಷ ಹೇಳಲಿಲ್ಲವಲ್ಲ!”

“ಕರೆದ ಸುದ್ದಿ ತಂದರೂ ಕರೆದ ಹಾಗೇ ಅಂತಾರೆ ಈ ಊರಲ್ಲಿ. ಹೇಗೆ ಹೇಳಲಿ?”

ಹಗ್ಗದವಳು ಕಂಬಕ್ಕೆ ಒರಗಿ ಕೂತಳು. ಮೂಗಿಗೆ, ಅಂದು ಹಾಲು ಉಕ್ಕಿ ಬೆಂಕಿಗೆ ಬಿದ್ದ ವಾಸನೆ.

ಮತ್ತೆ ಹೊಂಗೆ ಹೂ ಉದುರಿತು. ಮರಿ ಸಾಕಿದವರೆಲ್ಲ ನಾಯಿಗಳನ್ನು ಅಂಚಿಗೆ ಕರೆದೊಯ್ದರು, ದಾಟುವವರ ಕೈಗೆ ಹಗ್ಗ ಕೊಟ್ಟರು, ತಿರುಗಿ ನೋಡದೆ ನಡೆದರು. ಹಗ್ಗದವಳ ನಾಯಿಯ ಹಗ್ಗವನ್ನು ಯಾರೂ ಹಿಡಿಯಲಿಲ್ಲ.

“ಕರೆ ಕೇಳಿದ ನಾಯಿ,” ಅಂದ ಅಜ್ಜ. “ಇದನ್ನು ನಂಬಿ ಯಾರೂ ಇಳಿಯಲ್ಲ. ನೀನೇ ಇಟ್ಕೋ ಮಗಳೇ. ಮನೆ ಬಾಗಿಲಲ್ಲಿ ಮಲಗಿರಲಿ.”

ಅಷ್ಟು ದಿನ ಅವಳು ಒಳಗೊಳಗೇ ಬೇಡಿಕೊಂಡದ್ದು ಅದನ್ನೇ. ಅಂದು ಬೆಲ್ಲ ಹಾಕಿ ಗಂಜಿ ಮಾಡಿ ನಾಯಿಗೆ ಬಡಿಸಿದಳು. ನಾಯಿ ಮೂಸಿ ಬಿಟ್ಟಿತು. ಮರುದಿನ ಬೆಳಕು ಹರಿಯುವಾಗ ಅದು ಅಂಗಳದಲ್ಲಿರಲಿಲ್ಲ. ಬಯಲಿನ ಅಂಚಿನಲ್ಲಿ ಕೂತು, ಮಂಜಿಗೆ ಮೂಗು ಚಾಚಿ, ಜೊತೆಯ ನಾಯಿಗಳು ಹೋದ ದಾರಿ ನೋಡುತ್ತಿತ್ತು. ಎಲ್ಲ ದಿನವೂ ಹಾಗೇ. ಅವಳು ಪಕ್ಕದಲ್ಲಿ ಹೋಗಿ ನಿಂತರೆ ಎಡಗಾಲಿಗೆ ಮೈ ತಾಗಿಸಿ ನಿಲ್ಲುವುದು, ತಲೆಯೆತ್ತಿ ಅವಳ ಕಣ್ಣು ನೋಡುವುದು. ನಡೆಯಲೆಂದು ಬೆಳೆಸಿದ ಜೀವ, ‘ನಡೆ’ ಅನ್ನುವವರಿಲ್ಲ. ಒಂದು ಬೆಳಿಗ್ಗೆ ಅವಳಿಗೆ ತಾನೂ ನಾಯಿಯೂ ಒಂದೇ ಕಡೆಗೆ ಮುಖ ಮಾಡಿ ನಿಂತಿರುವುದು ಕಾಣಿಸಿತು.

ಅವಳು ಮನೆಗೆ ಹೋಗಿ ಒಲೆ ಆರಿಸಿದಳು, ತಾನೇ ಹೊಸೆದ ಹೊಸ ಹಗ್ಗವನ್ನು ನಾಯಿಯ ಕೊರಳಿಗೆ ಕಟ್ಟಿದಳು. ಅಂಚಿನಲ್ಲಿ ಅಜ್ಜ ಅಡ್ಡ ನಿಂತ.

“ಹುಚ್ಚೇನೇ ನಿನಗೆ? ಈ ದಿನದವರೆಗೆ ಕರೆ ಬಲ್ಲ ನಾಯಿ ಯಾರನ್ನೂ ದಾಟಿಸಿಲ್ಲ.”

“ಬೇರೆ ಯಾರೂ ಹಿಡಿಯದ ಹಗ್ಗ ಅಜ್ಜ. ಹೊಸೆದವಳೇ ಹಿಡೀತೀನಿ.”

ಅಜ್ಜ ನಾಯಿಯ ಕಿವಿ ಸವರಿದ, ಪಂಜ ಎತ್ತಿ ನೋಡಿದ, ದಾರಿ ಬಿಟ್ಟ. ಅವಳು ‘ಹೋಗ್ತೀನಿ’ ಅಂದಳು. ‘ಹ್ಞೂಂ’ ಅನ್ನಬೇಕಾದವನು ಸುತ್ತ ಒಮ್ಮೆ ನೋಡಿದ. ಬಾಯಿಯನ್ನು ಅವಳ ಕಿವಿಯ ಹತ್ತಿರ ತಂದ. ಆಯುಷ್ಯವೆಲ್ಲ ಆ ಮಾತನ್ನು ಬಾಯೊಳಗೇ ತಡೆದಿಟ್ಟವನ ತುಟಿ ಅದರ ಆಕಾರ ಹುಡುಕಲು ತಡವರಿಸಿತು.

“ಹೋಗಿ ಬಾ, ಮಗಳೇ.”

ಅವಳು ನಾಯಿಗೆ ‘ನಡೆ’ ಅಂದಳು.

ಮಂಜಿನೊಳಗೆ ಮೊದಲು ಊರು ಹೋಯಿತು, ಆಮೇಲೆ ಅವಳ ಪಾದ, ಆಮೇಲೆ ಕೈ. ಉಳಿದದ್ದು ಅಂಗೈಯೊಳಗಿನ ಹಗ್ಗ ಮಾತ್ರ. ಹಗ್ಗ ಬಿಗಿದರೆ ನಡೆದಳು, ಸಡಿಲವಾದರೆ ನಿಂತಳು. ಎರಡೂ ಬದಿಯಲ್ಲಿ ಹುದುಲು ಗುಳುಗುಳು ಉಸಿರಾಡುತ್ತಿತ್ತು. ವರ್ಷವಿಡೀ ಅವಳು ನಾಯಿಗೆ ಕಲಿಸಿದ್ದನ್ನೆಲ್ಲ ಈಗ ನಾಯಿ ಅವಳಿಗೆ ಹಗ್ಗದ ಮೂಲಕ ಹೇಳುತ್ತಿತ್ತು. ತಡಿ. ನಡೆ. ನಿಲ್ಲು. ನಡೆ.

ಬಹಳ ಹೊತ್ತಿನ ಮೇಲೆ ಮಂಜು ಹೊಂಬಣ್ಣಕ್ಕೆ ತಿರುಗಿತು. ಸಂಜೆಯಾಗಿರಬೇಕು. ಆಗ ಆ ಧ್ವನಿ ಎದ್ದಿತು.

“ಬಾ... ಬಾ...”

ಮುಂದಿನಿಂದ, ಹಿಂದಿನಿಂದ, ಕೆಸರಿನ ಒಳಗಿನಿಂದ ಅವಳದೇ ಧ್ವನಿ ಅವಳನ್ನು ಕರೆಯಿತು. ಹಗ್ಗ ನಡುಗಿತು. ನಾಯಿ ಎಡಕ್ಕೆ ತಿರುಗಿತು, ಬಲಕ್ಕೆ ತಿರುಗಿತು, ಕುಂಯ್‌ಗುಟ್ಟುತ್ತಾ ಅವಳ ಕಾಲ ಸುತ್ತ ಸುತ್ತತೊಡಗಿತು. ಹಗ್ಗ ಮೊಣಕಾಲಿಗೆ ಸುತ್ತಿಕೊಂಡಿತು. ಒಂದು ಪಾದ ಜಾರಿ ತಣ್ಣಗಿನ ಕೆಸರಿಗೆ ಇಳಿಯಿತು. ಅವಳ ಎದೆಯೂ ಸುತ್ತುತ್ತಿತ್ತು. ಓಡು, ತಂಗಿ ಕರೆಯುತ್ತಿದ್ದಾಳೆ, ಯಾವ ಕಡೆಗಾದರೂ ಓಡು ಅನ್ನುತ್ತಿತ್ತು. ಅವಳು ಹಲ್ಲು ಕಚ್ಚಿದಳು.

“ಕೂರು,” ಅಂದಳು ಮೆಲ್ಲಗೆ.

ನಾಯಿ ಕೂತಿತು. ಅವಳು ಪಾದ ಕಿತ್ತುಕೊಂಡು, ತಾನೂ ಕೂತು, ಅದರ ಹೊಟ್ಟೆಯ ಮೇಲೆ ಕೈ ಇಟ್ಟಳು. ಧ್ವನಿ ಕರೆಯುತ್ತಲೇ ಇತ್ತು. ಕೂತು ಕೇಳಿದಾಗ ‘ಬಾ’ ಎಂಬುದರ ಮುಂಚಿನ ಮಾತೂ ಕಿವಿಗೆ ಬಿತ್ತು.

“ದೊಡ್ಡಮ್ಮಾ... ಬಾ...”

ಅಕ್ಕಾ ಅಲ್ಲ. ದೊಡ್ಡಮ್ಮಾ.

ಅವಳು ಅಲ್ಲಾಡಲಿಲ್ಲ. ತನ್ನನ್ನು ದೊಡ್ಡಮ್ಮ ಅನ್ನಬಹುದಾದ ಜೀವ ಒಂದೇ ಕಡೆಯಿಂದ ಹುಟ್ಟಬೇಕು. ಕರೆಯುತ್ತಿರುವವಳು ತಂಗಿಯಲ್ಲ. ತಂಗಿ ಯಾಕೆ ಕರೆಯುತ್ತಿಲ್ಲ ಎಂದು ಅವಳು ತನ್ನನ್ನು ಕೇಳಿಕೊಳ್ಳಲಿಲ್ಲ, ನಾಯಿಯ ಕೊರಳನ್ನು ಬಿಗಿಯಾಗಿ ಹಿಡಿದಳು.

ನಾಯಿ ಮೂಗು ಎತ್ತಿತು. ಧ್ವನಿ ಎಲ್ಲ ದಿಕ್ಕಿನಿಂದ ಬರಬಹುದು. ಒಲೆಯ ಹೊಗೆ ಒಂದೇ ದಿಕ್ಕಿನಿಂದ ಬರುತ್ತದೆ. ನಾಯಿಯ ಕಿವಿಗಳು ಹಿಂದಕ್ಕೆ ಮಡಚಿಕೊಂಡವು, ಮೂಗು ಮುಂದಾಯಿತು. ಅದು ಅವಳನ್ನು ಒಮ್ಮೆ ನೋಡಿತು. ‘ನಡೆ’ ಅಂದಳು. ಹಗ್ಗ ಬಿಗಿಯಿತು.

ಕಾಲಿಗೆ ಮರಳು ಸಿಕ್ಕಿತು. ಮಂಜು ಹರಿಯಿತು. ದಡದ ಕಲ್ಲಿನ ಮೇಲೆ ಎಂಟೊಂಬತ್ತು ವರ್ಷದ ಹುಡುಗಿಯೊಬ್ಬಳು ಎರಡೂ ಕೈಯನ್ನು ಬಾಯಿಗೆ ಹಿಡಿದು ನಿಂತಿದ್ದಳು. ಕೈ ಹಾಗೇ ಉಳಿಯಿತು, ಧ್ವನಿ ನಿಂತಿತು.

“ನೀನು ದೊಡ್ಡಮ್ಮನಾ?” ಅಂದಳು.

“ಹ್ಞೂಂ.”

“ಅಮ್ಮ ಹೇಳಿದ್ದಳು, ಅಂಗೈ ನೋಡಿದರೆ ಗೊತ್ತಾಗುತ್ತೆ ಅಂತ.”

ಅವಳು ಅಂಗೈ ಬಿಡಿಸಿದಳು. ಹುಡುಗಿ ಕಲ್ಲಿನಿಂದ ಇಳಿದು, ನಾರು ಕೊರೆದ ಗೆರೆಗಳ ಮೇಲೆ ಬೆರಳಾಡಿಸಿ ನೋಡಿದಳು.

“ಅಮ್ಮ ಎಲ್ಲಿ?”

“ಹೋದ ಚಳಿಗಾಲದಲ್ಲಿ ಜ್ವರ ಬಂತು. ತೀರಿಹೋದಳು.” ಹುಡುಗಿ ಅದನ್ನು ಎಷ್ಟೋ ಸಲ ಹೇಳಿದವಳಂತೆ ಹೇಳಿದಳು. “ಅಮ್ಮನನ್ನು ಇಲ್ಲಿಗೆ ದಾಟಿಸಿದ ನಾಯಿ ನಾನು ಹುಟ್ಟೋಕೆ ಮುಂಚೆಯೇ ಸತ್ತಿತ್ತಂತೆ. ಇಲ್ಲಿ ಯಾರೂ ನಾಯಿ ಸಾಕಲ್ಲ. ಅದಕ್ಕೆ ಅಮ್ಮ ದಿನಾ ಇಲ್ಲಿ ನಿಂತು ‘ಅಕ್ಕಾ ಬಾ’ ಅಂತ ಕರೀತಿದ್ದಳು. ಆಮೇಲೆ ನಾನು. ಇಷ್ಟು ದಿನ ಏನ್ ಮಾಡ್ತಿದ್ದೆ ದೊಡ್ಡಮ್ಮ? ಕೇಳಿಸಲಿಲ್ವಾ?”

“ಕೇಳಿಸಲಿಲ್ಲ ಮಗಳೇ,” ಅಂದಳು. “ನಾಯಿ ಬೆಳೆಸ್ತಾ ಇದ್ದೆ.”

ಹುಡುಗಿ ನಾಯಿಯನ್ನು ನೋಡಿದಳು. ಇದು ತಕ್ಕ ಉತ್ತರವೇ ಎಂಬಂತೆ ತಲೆಯಾಡಿಸಿದಳು.

ಮನೆ ದಡದ ಹತ್ತಿರವೇ ಇತ್ತು. ಹುಡುಗಿಯ ಅಪ್ಪ ಉಪ್ಪಿನ ಗದ್ದೆಯಿಂದ ಬರಲು ಇನ್ನೂ ಹೊತ್ತಿತ್ತು. ಒಲೆಯ ಮೇಲೆ ಹುಡುಗಿಯೇ ಇಟ್ಟ ಅನ್ನ ಅಡಿ ಹಿಡಿದಿತ್ತು. ಹಗ್ಗದವಳು ಅದನ್ನು ಇಳಿಸಿ, ಜಗಲಿಯಲ್ಲಿ ಕಾಲು ಚಾಚಿ ಕೂತಳು. ಹುಡುಗಿ ಅವಳ ಮುಂದೆ ಬೆನ್ನು ಮಾಡಿ ಕೂತಳು. ತಾಯಿ ಹೋದಂದಿನಿಂದ ಬಾಚದ ಕೂದಲು ಉಪ್ಪುಗಾಳಿಗೆ ಸಿಕ್ಕುಸಿಕ್ಕಾಗಿ, ಎಳೆ ಎಳೆಗೆ ಹೊಸೆದುಕೊಂಡು ಗಂಟುಗಟ್ಟಿತ್ತು. ಹಗ್ಗದವಳು ಬಾಚಣಿಗೆ ಕೇಳಲಿಲ್ಲ. ಬೆರಳಿನಿಂದಲೇ ಕೆಳಗಿನ ಗಂಟು ಹಿಡಿದು ಒಂದೊಂದೇ ಎಳೆಯನ್ನು ಬಿಡಿಸತೊಡಗಿದಳು.

“ನೋವಾದರೆ ಹೇಳು.”

“ಆಗ್ತಿಲ್ಲ,” ಅಂದಳು ಹುಡುಗಿ. ಅವಳ ಭುಜ ಅಲುಗುತ್ತಿತ್ತು.

ನಾಯಿ ಕೆಸರು ಮೆತ್ತಿದ ಮೈಯನ್ನು ಇಬ್ಬರ ಕಾಲುಗಳ ಮೇಲೆ ಚೆಲ್ಲಿ ಮಲಗಿತು. ಬಯಲಿನ ಮೇಲೆ ಬೆಳಕು ಇಳಿಯಿತು. ಬಿಡಿಸಲು ಕೂದಲು ಇನ್ನೂ ಬಹಳ ಇತ್ತು.